ಗಾಡಿಯ ಮುಂದಿನ ಗಂಟೆ

ಕಾವಲು ನೆಟ್ಟ ನೂರ ಹನ್ನೆರಡನೇ ವರ್ಷ,
ಹುಲ್ಲುತಿಂಗಳ ಮೂವತ್ತನಾಲ್ಕನೇ ದಿನ, ಬೆಳಗ್ಗೆ

ನಮಗಿಂತ ಐದಾರು ತಲೆಮಾರು ಹಿಂದೆ ಬದುಕುತ್ತಿರುವ ನಿಮಗೆ ಮೇದಿನಿಯ ನಮಸ್ಕಾರಗಳು.

ತಿಂಗಳಿಗೆ ಮೂವತ್ತನಾಲ್ಕು ದಿನವೇ ಎಂದು ನಗಬೇಡಿ. ನಮ್ಮಲ್ಲಿ ಕಾವಲಿನ, ಅಂದರೆ ಊರ ಹುಲ್ಲುಗಾವಲಿನ, ಕೊಯ್ಲು ಶುರುವಾದ ದಿನ ಹುಲ್ಲುತಿಂಗಳು ಹುಟ್ಟುತ್ತದೆ, ಕೊಯ್ಲು ಮುಗಿದ ದಿನ ಮುಗಿಯುತ್ತದೆ. ಸಾಮಾನ್ಯವಾಗಿ ಐವತ್ತು ದಿನ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಬರೆಯಲು ಕಲಿತದ್ದು ಅಜ್ಜಿಯ ಹತ್ತಿರ. ಹಾಗಾಗಿ ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಅದು ಕಾಲದ ತಪ್ಪೋ ನನ್ನ ತಪ್ಪೋ ಎಂದು ಯೋಚಿಸದೆ ಕ್ಷಮಿಸಿಬಿಡಿ.

ನನಗೆ ಮದುವೆಯಾಗಿ ನಲವತ್ತಮೂರು ದಿನ. ಅದರಲ್ಲಿ ಗಂಡನ ಜೊತೆ ಇದ್ದದ್ದು ಒಂಬತ್ತೇ ದಿನ! ಹತ್ತನೆಯ ದಿನ ಕೊಯ್ಲು ಶುರುವಾಯಿತು. ಕೊಯ್ಯುವವರು ತಿಂಗಳು ಮುಗಿಯುವ ತನಕ ಕಾವಲಿನಲ್ಲೇ ಡೇರೆ ಹಾಕಿಕೊಂಡು ಇರಬೇಕು, ಮನೆಗೆ ಬರುವಂತಿಲ್ಲ. ನನ್ನ ಗಂಡ ಚಿತ್ತಯ್ಯ ಪಡುವಣ ಅಂಚಿನ ಗಾಡಿ ಓಡಿಸುತ್ತಾನೆ. ಅವನಿಗೆ ಊಟದಲ್ಲಿ ಉಪ್ಪು ಕಡಿಮೆ ಬೇಕು, ಮಾತು ಅದಕ್ಕಿಂತ ಕಡಿಮೆ. ನಕ್ಕರೆ ಮಾತ್ರ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ. ಅವನ ಹಳೆಯ ಅಂಗಿಯನ್ನು ನಾನು ಇನ್ನೂ ಒಗೆದಿಲ್ಲ. ಒಣಹುಲ್ಲಿನ ವಾಸನೆ ಹೋಗಿಬಿಡುತ್ತದೆ ಎಂದು. ಅತ್ತೆ ನೋಡಿಯೂ ನೋಡದಂತೆ ಇದ್ದಾರೆ.

ಇಲ್ಲಿ ಹುಲ್ಲು ಕೊಯ್ಯುವುದು ಕತ್ತರಿಗಾಡಿ. ಉದ್ದನೆಯ ಪಟ್ಟಿಯ ಮೇಲೆ ಹಲ್ಲುಗಳು ಅತ್ತಿತ್ತ ಆಡುತ್ತವೆ, ಕ್ಷೌರದ ಮಷಿನ್ನಿನ ಹಾಗೆ. ಅದು ಮನುಷ್ಯ ನಡೆಯುವ ವೇಗದಲ್ಲೇ ಹೋಗುತ್ತದೆ. ಮಲಗಿದ ಹುಲ್ಲು ಸಿಕ್ಕರೆ ಕಚ್ಚಿಕೊಂಡು ನಿಂತುಬಿಡುತ್ತದೆ, ಇಳಿದು ಬಿಡಿಸಬೇಕು. ಗಾಡಿಗಿಂತ ಹತ್ತು ಹೆಜ್ಜೆ ಮುಂದೆ ಒಬ್ಬರು ಕೋಲು ಹಿಡಿದು ಗಂಟೆ ಅಲ್ಲಾಡಿಸುತ್ತ ನಡೆಯುತ್ತಾರೆ. ಅವರನ್ನು ಮುಂಗಂಟೆ ಎನ್ನುತ್ತೇವೆ. ಹುಲ್ಲಿನೊಳಗೆ ಲಾವಕ್ಕಿ ಗೂಡು ಕಂಡರೆ ಮುಂಗಂಟೆಯವರು ಕೋಲು ನೆಡುತ್ತಾರೆ, ಗಾಡಿ ಸುತ್ತುಹಾಕಿ ಹೋಗುತ್ತದೆ. ಕೊಯ್ಯದೆ ಬಿಟ್ಟ ಆ ಹುಲ್ಲಿನ ಗುಂಪಿಗೆ ಹಕ್ಕಿಮನೆ ಎಂದು ಹೆಸರು. ನಿಮ್ಮ ಕಾಲದಲ್ಲಿ ಲಾವಕ್ಕಿ ಊಟದ ಹಕ್ಕಿಯಾಗಿತ್ತಂತೆ. ನಮ್ಮ ಕಾವಲಿನಲ್ಲಿ ಈ ಕೊಯ್ಲಿಗೆ ಮೊದಲು ಇದ್ದದ್ದು ಹನ್ನೊಂದೇ ಜೋಡಿ.

ಈ ವರ್ಷ ಪಕ್ಕದ ಕಾವಲಿನವರು ಒಂದು ತಟ್ಟೆಗಾಡಿಯನ್ನು ಪರೀಕ್ಷೆಗೆ ಕೊಟ್ಟರು. ನೀವು ಡಿಸ್ಕ್ ಮೋವರ್ ಎನ್ನುತ್ತೀರಲ್ಲ, ಅದೇ. ನಿಮ್ಮ ಹಳೆಯ ನಕ್ಷೆಗಳನ್ನು ನೋಡಿ ಕಟ್ಟಿದ್ದು. ಸಾಲಾಗಿ ಆರು ತಟ್ಟೆ, ಒಂದೊಂದಕ್ಕೂ ಎರಡು ಬ್ಲೇಡು. ಮಲಗಿದ ಹುಲ್ಲಾಗಲಿ ನಿಂತ ಹುಲ್ಲಾಗಲಿ ಅದಕ್ಕೆ ಒಂದೇ. ಐವತ್ತು ದಿನದ ಕೆಲಸ ಒಂಬತ್ತು ದಿನಕ್ಕೆ ಮುಗಿಯುತ್ತದೆ ಎಂದರು. ಒಂಬತ್ತು ದಿನ! ನಾನು ಕುಣಿದಾಡಿಬಿಟ್ಟೆ. ಅದನ್ನು ಓಡಿಸಲು ಚಿತ್ತಯ್ಯನನ್ನೇ ಆರಿಸಿದಾಗ ಓಣಿಗೆಲ್ಲ ಸಿಹಿ ಹಂಚಿದೆ.

ಇಪ್ಪತ್ತನೆಯ ದಿನ ಕಾವಲಿನ ಕರೇಕಲ್ಲು ಬಂಡೆಯ ಸುತ್ತಲಿನ ತುಂಡಿನಲ್ಲಿ ಪರೀಕ್ಷೆ ನಡೆಯಿತು. ನಮ್ಮನ್ನೆಲ್ಲ ಇನ್ನೂರು ಹೆಜ್ಜೆ ದೂರ, ಕೆಂಪು ಬಾವುಟದ ಹಿಂದೆ ನಿಲ್ಲಿಸಿದರು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕೂಗಿ ಕರೆದರೆ ಆ ಗದ್ದಲದಲ್ಲಿ ಅವನಿಗೆಲ್ಲಿ ಕೇಳಬೇಕು? ಬಾವುಟ ಯಾಕೆ ಎಂದು ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ತಟ್ಟೆಗೆ ಸಿಕ್ಕಿದ ಒಂದು ಕಲ್ಲು ಹಾರಿಬಂದು ಅತ್ತೆಯ ಕಾಲ ಬಳಿ ಇಟ್ಟಿದ್ದ ನೀರಿನ ಕೊಡವನ್ನು ಒಡೆಯಿತು. ಅತ್ತೆ ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಮಗ ಅಮ್ಮನಿಗೆ ಕಳಿಸಿದ ಮೊದಲ ಉಡುಗೊರೆ ಎಂದರು. ಎಲ್ಲರೂ ನಕ್ಕೆವು. ಆದರೆ ಆಮೇಲೆ ಯಾರೂ ಬಾವುಟದ ಹತ್ತಿರ ಹೋಗಲಿಲ್ಲ.

ಕತ್ತರಿಗಾಡಿಗೆ ಆರು ದಿನ ಹಿಡಿಯುವ ತುಂಡು ಒಂದೇ ದಿನದಲ್ಲಿ ಬೋಳಾಯಿತು. ಬೋಳು ಎಂದರೆ ನಿಜಕ್ಕೂ ಬೋಳು. ಏರುತಗ್ಗಿನ ನೆಲದಲ್ಲಿ ತಟ್ಟೆ ಹುಲ್ಲಿನ ಬುಡವನ್ನೇ ಕೆರೆದುಹಾಕಿತ್ತು, ಅಲ್ಲಿ ಈವರೆಗೂ ಚಿಗುರು ಬಂದಿಲ್ಲ. ಹುಲ್ಲಿಗೆ ಮಣ್ಣು ಸೇರಿ ಹಸುಗಳು ಮೂಸಿ, ತಿನ್ನದೆ ಬಿಟ್ಟವು. ತಟ್ಟೆಗಾಡಿಯ ಹೊಟ್ಟೆಯೂ ದೊಡ್ಡದು. ನಮ್ಮ ಯಂತ್ರಗಳೆಲ್ಲ ಕೂಡಿಟ್ಟ ಬಿಸಿಲಿನಿಂದ ಓಡುತ್ತವೆ, ಅದೊಂದೇ ಒಂದು ದಿನಕ್ಕೆ ಊರಿನ ಮೂರು ದಿನದ ಬಿಸಿಲು ಮುಗಿಸಿತು. ತಟ್ಟೆಗಳ ಕೆಳಗಿನ ಗೇರು ಮುರಿದರೆ ಕತ್ತರಿಯ ಹಲ್ಲಿನ ಹಾಗೆ ನಾವೇ ಬದಲಿಸಲಾಗದು. ಇಷ್ಟೆಲ್ಲ ಕಂಡರೂ ನಾನು ಒಂಬತ್ತು ದಿನದ ಲೆಕ್ಕವನ್ನೇ ಹಿಡಿದುಕೊಂಡಿದ್ದೆ. ನಿಜ ಹೇಳುತ್ತಿದ್ದೇನೆ.

ಸಂಜೆ ಹುಲ್ಲು ಒಟ್ಟುವಾಗ ನನ್ನ ಕೈಗೆ ಗರಿಗಳು ಬಂದವು. ಲಾವಕ್ಕಿ ಕೊನೆಯ ಗಳಿಗೆಯ ತನಕ ಗೂಡು ಬಿಟ್ಟು ಏಳುವುದಿಲ್ಲ. ಗಂಟೆಯವರು ಹತ್ತಿರ ಬಂದು ಕೋಲಿನಿಂದ ಹುಲ್ಲು ಸರಿಸಿದರೆ ಮಾತ್ರ ಏಳುತ್ತದೆ. ತಟ್ಟೆಗಾಡಿಯ ಮುಂದೆ ಯಾರು ನಡೆಯಬಲ್ಲರು? ಐದು ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಸೆರಗಿನಲ್ಲಿ ಇಟ್ಟುಕೊಂಡು ಕೂತೆ. ಚಿತ್ತಯ್ಯ ಗಾಡಿ ನಿಲ್ಲಿಸಿ ಓಡಿಬಂದ. ಇಪ್ಪತ್ತು ದಿನದ ಮೇಲೆ ಮೊದಲ ಸಲ ಅಷ್ಟು ಹತ್ತಿರ ಬಂದಿದ್ದ. ಸೆರಗು ನೋಡಿದ, ನನ್ನ ಮುಖ ನೋಡಲಿಲ್ಲ.

"ಮೇಲೇ ಕೂತಿದ್ದೆ ಕಣೇ. ಹುಲ್ಲು ಹಾರೋದು ಬಿಟ್ರೆ ಏನೂ ಕಾಣ್ಲಿಲ್ಲ" ಎಂದ.

ಮೊಟ್ಟೆಗಳು ಒಡೆದು ಮರಿಯಾಗಲಿಲ್ಲ. ಈಗ ಹತ್ತು ಜೋಡಿ, ಮತ್ತೆ ಒಂಟಿಯಾಗಿ ಕೂಗುವ ಒಂದು ಗಂಡು.

ನಿನ್ನೆ ಊರ ಕೂಟ ಸೇರಿತ್ತು, ಇನ್ನು ಮುಂದೆ ಕತ್ತರಿಯೋ ತಟ್ಟೆಯೋ ಎಂದು ತೀರ್ಮಾನಿಸಲು. ಹೊಸ ಸಂಸಾರ ಮೊದಲು ಮಾತಾಡಬೇಕು, ಹಿರಿಯರ ಮುಖ ನೋಡಿ ಹೇಳಬಾರದು ಎಂಬುದು ನಮ್ಮ ಪದ್ಧತಿ. ಗಂಡ ಕಾವಲಿನಲ್ಲಿ, ಮಾತು ನನ್ನದು. ಮದುಮಗಳು ತಟ್ಟೆಗೆ ಎರಡೂ ಕೈ ಎತ್ತುತ್ತಾಳೆ, ನೋಡುತ್ತಿರಿ ಎಂದು ಹಿಂದಿನ ಸಾಲಿನವರು ಕಿಚಾಯಿಸುತ್ತಿದ್ದರು. ಎತ್ತಬೇಕೆಂದು ನನಗೂ ಎಷ್ಟು ಆಸೆಯಿತ್ತು! ಎದ್ದು ನಿಂತೆ. ಆ ಗಂಡು ಹಕ್ಕಿ ದಿನಾ ಬೆಳಗ್ಗೆ ಕರೇಕಲ್ಲಿನ ಮೇಲಿಂದ ಯಾರನ್ನು ಕರೆಯುತ್ತದೆ ಎಂದು ನನಗೆ ಗೊತ್ತು, ನಾನು ಕತ್ತರಿಗೆ ಎಂದೆ. ಅಷ್ಟು ಹೇಳಿ ಕೂತೆ. ಕೊನೆಗೆ ಕತ್ತರಿಗೇ ಹೆಚ್ಚು ಕೈಗಳು ಎದ್ದವು.

ಆಗ ಕಾವಲಿನ ಹಿರಿಯಳು ತಿಮ್ಮಜ್ಜಿ ಕೇಳಿದಳು, ಕತ್ತರಿಯೇನೋ ಸರಿ, ನಡೆಯುವವರು ಯಾರು ಎಂದು. ಮೂಡಣ ಗಾಡಿಯ ಮುಂಗಂಟೆಯವರಿಗೆ ಮಂಡಿ ಊದಿ ಮೂರು ದಿನದಿಂದ ಗಾಡಿ ನಿಂತಿತ್ತು. ನಾನು ನಡೆಯುತ್ತೇನೆ ಎಂದೆ. ಮೂಡಣಕ್ಕೆ ಯಾಕೆ, ಗಂಡನ ಗಾಡಿಯ ಮುಂದೆಯೇ ಕಳಿಸಿ ಎಂದು ಯಾರೋ ಅಂದರು. ನಾನು ಆಗಲೇ ಪಡುವಣ ದಿಕ್ಕಿಗೆ ತಿರುಗಿಬಿಟ್ಟಿದ್ದೆ.

"ಬ್ಯಾಡ ತಾಯಿ. ಅಲ್ಲಿಗೆ ಕಳಿಸಿದ್ರೆ ಹುಲ್ಲು ನೋಡಲ್ಲ ಇವಳು, ಹಿಂದಕ್ಕೇ ನೋಡ್ತಾಳೆ" ಎಂದಳು ತಿಮ್ಮಜ್ಜಿ.

ಕೂಟವೆಲ್ಲ ನಕ್ಕಿತು. ನಾನೂ ನಕ್ಕೆ. ಅಜ್ಜಿ ಹೇಳಿದ್ದು ನಿಜವೇ.

ಹೀಗೆ ಇವತ್ತು ಮೂಡಣ ಅಂಚಿಗೆ ಹೊರಟಿದ್ದೇನೆ. ನಿಮ್ಮ ತಟ್ಟೆಗಾಡಿಯನ್ನು ಎಸೆದುಬಿಡಿ ಎಂದು ನಾನು ಹೇಳುವುದಿಲ್ಲ. ಕಲ್ಲಿಲ್ಲದ, ಗೂಡಿಲ್ಲದ ಸಮನೆಲದಲ್ಲಿ ಅದು ಒಳ್ಳೆಯದೇ ಇರಬಹುದು. ಆದರೆ ಅದನ್ನು ಇಳಿಸುವ ಮೊದಲು ಆ ಹುಲ್ಲಿನಲ್ಲಿ ಒಮ್ಮೆ ನಡೆದು ನೋಡಿ. ಲಾವಕ್ಕಿಗಳು ಎಲ್ಲ ದಿಕ್ಕಿನಿಂದ ಒಟ್ಟಿಗೆ ಕೂಗುವುದನ್ನು ನೀವು ಕೇಳಬಲ್ಲಿರಿ. ನಮ್ಮ ಪಾಲಿನದನ್ನೂ ಸ್ವಲ್ಪ ನಿಂತು ಕೇಳಿ.

ಎರಡು ಗಾಡಿಗಳೂ ಎರಡು ಅಂಚಿನಿಂದ ಕೊಯ್ಯುತ್ತ ನಡುವಿಗೆ ಬರುತ್ತವೆ. ದಿನ ಕಳೆದಂತೆ ನಮ್ಮಿಬ್ಬರ ನಡುವಿನ ಹುಲ್ಲು ಕಿರಿದಾಗುತ್ತದೆ. ಮೊದಲು ಅವನ ಕಡೆಯ ಗಂಟೆ ಕೇಳಿಸುತ್ತದೆ, ಆಮೇಲೆ ಅವನ ಮುಂಡಾಸು ಕಾಣಿಸುತ್ತದೆ, ಆಮೇಲೆ ಮುಖ. ಕೊನೆಯ ಪಟ್ಟಿಯನ್ನು ಕೊಯ್ಯುವಂತಿಲ್ಲ, ಓಡಿಬಂದ ಹಕ್ಕಿಗಳೆಲ್ಲ ಅದರೊಳಗೆ ಸೇರಿರುತ್ತವೆ. ತುಳಿದು ದಾಟುವಂತೆಯೂ ಇಲ್ಲ. ಅವತ್ತು ನಾನು ಗಂಟೆಯನ್ನು ಸದ್ದಾಗದಂತೆ ಕೆಳಗಿಟ್ಟು ಆ ಪಟ್ಟಿಯನ್ನು ಸುತ್ತುಹಾಕಿಕೊಂಡು ಅವನ ಕಡೆಗೆ ಓಡುತ್ತೇನೆ.

ನಿಮ್ಮ,
ಮೇದಿನಿ