ಹುಳ ಹುಡುಕಿದಾಕಿ

ಹುನಗುಂದ
12 ಫೆಬ್ರುವರಿ 2025

ಗೆಳತಿ ಭಾಗ್ಯಜ್ಯೋತಿಗೆ ಜೈಭೀಮ್.

ನೀ ಮೂರು ಸಲ ಫೋನ್ ಹಚ್ಚಿದಿ, ನಾ ಎತ್ತಲಿಲ್ಲ. ಸಿಟ್ಟಾಗಬ್ಯಾಡ. ನಿನ್ನ ದನಿ ಕೇಳಿದ್ರ ಸುಳ್ಳು ಹೇಳಿಬಿಡತಿದ್ದೆ, ಅದಕ್ಕ ಬರಿಯಾಕ ಕುಂತೇನಿ. ನಿನ್ನ ಮೆಸೇಜ್ ಓದೇನಿ. ಹಾಸ್ಟೆಲ್ ಹುಡುಗ್ಯಾರ ರೇಷನ್ ನಾ ಮಾರ್ಕೋತೇನಿ ಅಂತ ಯಾರೋ ಮೂಗರ್ಜಿ ಹಾಕ್ಯಾರ, ಸೋಮವಾರ ವಿಚಾರಣೆ, ಪ್ರೊಬೇಷನ್ ಮುಗಿಯೂದರಾಗ ನೌಕರಿ ಹೋಗತೈತಿ, ಬಂದು ನನ್ನ ಪರ ನಾಕು ಮಾತು ಹೇಳು ಅಂತ ಬರದಿ.

ನಿಂಗ ಹೇಳದ ಹೋದ ತಿಂಗಳು ನಾ ಬಾದಾಮಿಗೆ ಬಂದಿದ್ದೆ, ಅವತ್ತ ನೀ ಊರಾಗ ಇರಲಿಲ್ಲ. ಸೀದಾ ನಿನ್ನ ಹಾಸ್ಟೆಲ್ ಅಡಿಗಿಮನಿಗೆ ಹೊಕ್ಕೆ. ಸಂಘಟನೆಯವರು ನಾವು, ಮೊದಲ ಡಬರಿ ಮುಚ್ಚಳ ತೆಗಿಯೋರು. ತೆಗದೆ. ಹುಳ ಹುಡುಕಿದೆ ಭಾಗ್ಯಾ. ಸಿಗಲಿ ಅಂತ ಹುಡುಕಿದೆ! ಪುಂಡಿಪಲ್ಯ ಘಮ್ಮಂತಿತ್ತು. ಅಡಿಗಿ ಮಾಡೋ ರಾಮವ್ವ, "ಏನ್ ಹುಡುಕತಿಯವಾ? ನಮ್ಮ ಮೇಡಂ ಹುಡುಗ್ಯಾರ ಸಾಲಿನಾಗ ಕುಂತು ಉಣ್ಣತಾರ. ನೀನೂ ಕುಂದ್ರು" ಅಂತ ಎರಡು ರೊಟ್ಟಿ ಹಾಕಿದ್ಲು. ಉಂಡೆ. ಬಾಜೂಕ ಕುಂತ ಹುಡುಗಿ, "ನಮ್ಮ ಮೇಡಂ ಹೋರಾಟ ಮಾಡಿದವರ್ರಿ. ನೀವೇನ್ ಮಾಡ್ತೀರ್ರಿ?" ಅಂದ್ಲು.

ನಾ ಏನ್ ಮಾಡ್ತೇನಿ? ನಾವು ಕಲಿಯೋ ಮುಂದ ಹಾಸ್ಟೆಲಿನ ಹುಳದ ಅನ್ನ ತಂದು ರಸ್ತೆಮ್ಯಾಲ ಸುರುವಿದಾಕಿ ನಾ. ಘೋಷಣೆ ನಂದು. ಲಾಠಿ ಬಿದ್ದದ್ದು ನನ್ನ ಬೆನ್ನಿಗೆ. ನೀ ಬ್ಯಾನರಿನ ಒಂದು ತುದಿ ಹಿಡದು ನಿಂತಿದ್ದಿ, ಅಷ್ಟ. ಇಬ್ಬರೂ ಒಂದ ಪರೀಕ್ಷೆ ಬರದ್ವಿ, ನೀ ವಾರ್ಡನ್ ಆದಿ. ಹನ್ನೊಂದು ವರ್ಷ ನಾ ಕೂಗಿ ಕೇಳಿದ್ದನ್ನ ಹತ್ತು ತಿಂಗಳಾಗ ಮಾಡಿ ತೋರಿಸಿದಿ. ಗೆದ್ದದ್ದು ಚಳವಳಿ, ಖರೆ. ನಾ ಖುಷಿಪಡಬೇಕಿತ್ತು. ಜಾತಿ ಹಿಡದು ಬೈದವರ ಮ್ಯಾಲೂ ನನ್ನ ಹೊಟ್ಟಿ ಇಷ್ಟು ಉರದಿರಲಿಲ್ಲ. ಮನ್ಯಾಗ ಅವ್ವ ಬ್ಯಾರೆ, "ಭಾಗ್ಯಾನ ನೋಡಿ ಕಲಿ, ಆಕಿ ಕೈಲೆ ಮಾಡತಾಳ, ನೀ ಬಾಯಿಲೆ ಮಾಡ್ತಿ" ಅಂತಾಳ.

ಹುಡುಗ್ಯಾರನ್ನ ಹಿಂಗ ನೋಡ್ಕೋ. ಯಾವ ಸಾಹೇಬನ ಮುಂದೂ ತಲಿ ತಗ್ಗಿಸಬ್ಯಾಡ. ನಿಂಗ ಒಳ್ಳೇದಾಗಲಿ.

ನಿನ್ನ
ಮಾದೇವಿ ಹಣಮಪ್ಪ ಮಾದರ

ತಾ.ಕ.: ಆ ಮೂಗರ್ಜಿ ಬರದಾಕಿ ನಾನ. ನಿನ್ನ ಹಾಸ್ಟೆಲ್ ರೊಟ್ಟಿ ಉಂಡು ಬಂದು ಅವತ್ತ ಬರದೆ. ಅದರಾಗ ಒಂದಕ್ಷರಾನೂ ಖರೆ ಇಲ್ಲ. ಅದಕ್ಕ ಸಹಿ ಹಾಕೋ ಧೈರ್ಯ ಆಗಲಿಲ್ಲ, ಇದಕ್ಕ ಪೂರ್ತಿ ಹೆಸರು ಹಾಕೇನಿ. ಸೋಮವಾರ ಈ ಪತ್ರ ಅಧಿಕಾರಿ ಮುಂದ ಇಡು. ಕೇಸ್ ಹಾಕಿದ್ರ ಹಾಕಲಿ, ನಾ ಬಾಗಿಲ ಹೊರಗ ನಿಂತಿರತೇನಿ. ಆದ್ರ ಹೊಟ್ಟಿಕಿಚ್ಚು ಆರೇತಿ ಅಂತ ಮಾತ್ರ ನನ್ನ ಕಡಿಂದ ಹೇಳಸಬ್ಯಾಡ. ಆರಿಲ್ಲ.