ಹವಳದ ದಿಬ್ಬದ ಬಗ್ಗೆ ನಾನು ಹೇಳಿದ ಸುಳ್ಳು

ಕಾಕಾ, ನಿನ್ನ ಅಣ್ಣನ ಮಗಳು ಬರೆಯುತ್ತಿದ್ದೇನೆ.

ಜನರೇ ಇಲ್ಲದ ಆ ದ್ವೀಪದ ನೀರಿಗೆ ನನ್ನನ್ನು ಮೊದಲ ಸಲ ಇಳಿಸಿದವನು ನೀನು. ಮೀನು ಸಮೀಕ್ಷೆಯ ದೋಣಿಯಲ್ಲಿ ಎರಡು ದಿನದ ದಾರಿ. ಕೊಂಕಲ್ ಊರಿನ ಬಾವಿಯಲ್ಲಿ ಈಜು ಕಲಿತ ನೀನು, ಹವಳದ ದಿಬ್ಬದ ಮೇಲೆ ಅಳತೆಯ ಟೇಪು ಹಾಸಿ, ಎರಡೂ ಬದಿಗೆ ಕಂಡ ಮೀನುಗಳನ್ನು ಎಣಿಸುತ್ತ ಹೋದೆ. ನಿನ್ನ ಹಿಂದೆ ನಾನು, ಕೈಯಲ್ಲಿ ನೀರೊಳಗೂ ಬರೆಯಬಹುದಾದ ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್. ಮೇಲೆ ಬಂದ ಮೇಲೆ ನಾನು ಬರೆದದ್ದರಲ್ಲಿ ಒಂದು ಸಾಲನ್ನು ನೀನು ಅಳಿಸಿಬಿಟ್ಟೆ.

"ಕಲ್ಲಿನ ಸಂದ್ಯಾಗ ಇನ್ನೊಂದು ಮೀನು ಇದ್ದೀತು ಅಂತ ಬರದೀಯಲ್ಲ, ಕಂಡಿತ್ತೇನು? ಕಾಣದ್ದು ಬರೀಬ್ಯಾಡ."

ಲಕ್ವಾ ಹೊಡೆದು ನೀನು ಶಹಾಪುರದ ಮನೆಯಲ್ಲಿ ಮಲಗಿದ ವರ್ಷ, ನಿನ್ನ ಜಾಗದಲ್ಲಿ ನಾನು ಹೋದೆ. ಸಮುದ್ರದ ನೀರು ತಿಂಗಳುಗಟ್ಟಲೆ ಬಿಸಿಯಾಗಿತ್ತು. ಹವಳ ಮೊದಲು ಬೆಳ್ಳಗಾಗಿ, ಆಮೇಲೆ ಸತ್ತು ಪಾಚಿ ಹಿಡಿದಿತ್ತು. ನಿನ್ನ ಲೆಕ್ಕಕ್ಕೂ ಸಿಗದಷ್ಟು ಇದ್ದ ಆ ಹಳದಿ ಚಿಟ್ಟೆ ಮೀನುಗಳು... ಟೇಪಿನ ಈ ತುದಿಯಿಂದ ಆ ತುದಿಗೆ ಈಜಿದೆ. ಪಾಚಿ ತಿನ್ನುವ ನಾಲ್ಕಾರು ಮೀನು ಬಿಟ್ಟರೆ ಬರೆಯಲು ಏನೂ ಇರಲಿಲ್ಲ. ಜಾಗ ತಪ್ಪಿದೆನೇ? ತಿರುಗಿ ಮತ್ತೊಮ್ಮೆ ಈಜಿದೆ. ಜಾಗ ಅದೇ.

ಊರಿಗೆ ಬಂದು ನಿನ್ನ ಮಂಚದ ಪಕ್ಕ ಕುಳಿತಾಗ, ಚಿಗವ್ವ ನಿನ್ನ ಬಾಯಿ ಒರೆಸುತ್ತಿದ್ದಳು. ನೀನು ತೊದಲುತ್ತ ಕೇಳಿದೆ, "ಅದಾವೇನವ್ವ?"

"ಹಂಗೇ ಅದಾವ ಕಾಕಾ. ಎಣಸಾಕ ಆಗಲಾರದಷ್ಟು."

ನೀನು ಅರ್ಧ ಮುಖದಲ್ಲೇ ನಕ್ಕೆ. ಒಂಬತ್ತನೆಯ ದಿನ ನಮ್ಮನ್ನು ಬಿಟ್ಟು ಹೋಗಿಬಿಟ್ಟೆ. ಆ ಹೊತ್ತಿಗೆ ನಿಜ ಹೇಳಿದ್ದರೆ ನೀನು...

ಆಫೀಸಿನ ವರದಿಯಲ್ಲಿ ಮಾತ್ರ ಕಂಡಷ್ಟನ್ನೇ ಬರೆದೆ. ಅದನ್ನು ಓದಿದವರು, ಇನ್ನು ಎಣಿಸಲು ಹೆಚ್ಚೇನೂ ಉಳಿದಿಲ್ಲವೆಂದು ಆ ದ್ವೀಪವನ್ನು ಸಮೀಕ್ಷೆಯಿಂದ ಕೈಬಿಟ್ಟಿದ್ದಾರೆ. ಅಲ್ಲಿಗೆ ಇನ್ನು ನಮ್ಮ ದೋಣಿ ಹೋಗುವುದಿಲ್ಲ. ಮುಂದೊಂದು ದಿನ ಮೀನು ಮರಳಿ ಬಂದರೂ ನೋಡುವವರು ಯಾರು, ಕಾಕಾ?

ನಿನ್ನೆ ಚಿಗವ್ವನಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಅವರು ಖುಷೀಲೆ ಹೋಗ್ಯಾರ. ಇನ್ನ ಬಿಟ್ಟಬಿಡವ್ವ ಅದನ್ನ," ಅಂದಳು.

ಬಿಡಲು ಆಗುತ್ತಿಲ್ಲ. ನೀನು ಕೇಳಿದ್ದು ಸಮಾಧಾನವನ್ನಲ್ಲ, ಲೆಕ್ಕವನ್ನು. ಅದನ್ನು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ನಿನಗಿತ್ತು. ಆಫೀಸಿನವರೆಲ್ಲ ಓದಿದರು, ನಿನ್ನೊಬ್ಬನಿಗೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ: ದಿಬ್ಬ ಸತ್ತಿದೆ, ಕಾಕಾ. ಚಿಟ್ಟೆ ಮೀನು ಒಂದೂ ಇರಲಿಲ್ಲ.