ಮುನಿಲಕ್ಷ್ಮಿ ತನ್ನ ಕೊರಳು ಮುಟ್ಟಿಕೊಂಡ ದಿನ

ಕ್ವಾರ್ಟರ್ಸ್, ಜಾಲಹಳ್ಳಿ
೧೨ ಏಪ್ರಿಲ್ ೧೯೮೪, ಗುರುವಾರ

ಅಮ್ಮಾ,

ನಿನ್ನ ಮಗಳ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಸ್ಟೌ ಆರಿಸಿಯೇ ಬೀಗ ಹಾಕುತ್ತಿದ್ದೇನೆ, ನಿನ್ನ ತುಳಸಿಗೆ ನೀರು ತಪ್ಪಿಲ್ಲ. ಇಷ್ಟು ಓದಿದ ಮೇಲೆ ನೀನು ಕನ್ನಡಕ ಸರಿಮಾಡಿಕೊಂಡು ಹುಡುಕುವುದು ಒಂದೇ ಮಾತು, ಪಾಸೋ ಫೇಲೋ ಅಂತ. ಹೇಳುತ್ತೇನೆ. ಆದರೆ ಮೊದಲು ಪ್ರಾಕ್ಟಿಕಲ್ ದಿನ ನಡೆದದ್ದನ್ನು ಹೇಳಲು ಬಿಡು. ಕೊನೆಯ ಪುಟಕ್ಕೆ ಹಾರಬೇಡ, ನನ್ನಾಣೆ.

ನಮ್ಮ ಒಪ್ಪಂದವನ್ನು ನಾನು ಮರೆತಿಲ್ಲ. ಅಪ್ಪ ಹೋದ ಮೇಲೆ ಫ್ಯಾಕ್ಟರಿಯವರು ಅವರ ಬದಲಿಗೆ ನನಗೆ ಕೆಲಸ ಕೊಡುತ್ತೇವೆ ಎಂದರು. ನಾನು ಕಿವುಡು ಮಕ್ಕಳಿಗೆ ಮಾತು ಕಲಿಸುವ ಟ್ರೇನಿಂಗ್ ಮಾಡುತ್ತೇನೆ ಎಂದು ಹಠ ಹಿಡಿದೆ. ನೀನು ಒಂದು ವರ್ಷ ಬಿಟ್ಟುಕೊಟ್ಟೆ. ಪಾಸಾದರೆ ಟೀಚರ್, ಫೇಲಾದರೆ ಫ್ಯಾಕ್ಟರಿ ಎಂದು ದೇವರ ಮುಂದೆ ಮಾತಾಯಿತು. ಕೆಲಸಕ್ಕೆ ಸೇರಲು ಈ ಸೋಮವಾರವೇ ಕೊನೆ, ಸೇರದಿದ್ದರೆ ಈ ಕ್ವಾರ್ಟರ್ಸನ್ನೂ ಬಿಡಬೇಕು. ನೀನು ತುಮಕೂರಿಗೆ ಮಾವನ ಮಗಳ ಬಾಣಂತನಕ್ಕೆ ಹೋಗಿದ್ದೀಯೇ ಹೊರತು, ನಿನ್ನ ಮನಸ್ಸೆಲ್ಲ ಈ ಎರಡು ಕೋಣೆಗಳಲ್ಲೇ ಇದೆ ಎಂದು ನನಗೆ ಗೊತ್ತು.

ಪರೀಕ್ಷೆಗೆ ನನಗೆ ಕೊಟ್ಟ ಮಗು ಮುನಿಲಕ್ಷ್ಮಿ. ಹುಟ್ಟಾ ಕಿವುಡಿ, ಆರು ವರ್ಷ. ಅವಳ ತಾಯಿ ಪಿಳ್ಳಮ್ಮ ದಾಸರಹಳ್ಳಿಯವಳು. ಹೊಲವಿದ್ದ ಜಾಗದಲ್ಲಿ ಈಗ ಶೆಡ್ಡುಗಳೆದ್ದಿವೆ, ಪಿಳ್ಳಮ್ಮ ಅಲ್ಲೇ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಾಳೆ. ಯಾರದೋ ಮಾತು ಕೇಳಿ, ಮಗು ಮಾತಾಡಲೆಂದು ಅದರ ಕೊರಳಿಗೆ ಬರೆ ಹಾಕಿಸಿದ್ದರು. ಗಲ್ಲದ ಕೆಳಗೆ ಆ ಗುರುತು ಇನ್ನೂ ಇದೆ. ಹಾಗಾಗಿ ಯಾರ ಕೈ ಕೊರಳ ಹತ್ತಿರ ಬಂದರೂ ಮುನಿಲಕ್ಷ್ಮಿ ಬೆಂಚಿನ ಕೆಳಗೆ ನುಗ್ಗುತ್ತಾಳೆ.

ನಮ್ಮ ಕೆಲಸವೆಲ್ಲ ಇರುವುದು ಕೊರಳಲ್ಲೇ ಅಮ್ಮ. ದನಿ ಹೊರಟಾಗ ಕೊರಳು ಅದುರುತ್ತದೆ. ಕಿವಿಗೆ ಕೇಳದ್ದನ್ನು ಮಗು ಕೈಯಲ್ಲಿ ತಿಳಿಯಬೇಕು. ಇವಳು ನನ್ನ ಕೊರಳು ಮುಟ್ಟಲು ಒಲ್ಲಳು, ತನ್ನದನ್ನು ಮುಟ್ಟಗೊಡಳು. ಅದಕ್ಕೇ ನಾನು ಪರೀಕ್ಷೆಗೆ 'ಪ' ಪಾಠ ಆರಿಸಿದೆ. ಪ ಅನ್ನಲು ತುಟಿ ಮುಚ್ಚಿ ಉಸಿರು ಬಿಟ್ಟರೆ ಸಾಕು, ಬಾಯಿಯ ಮುಂದೆ ಹಿಡಿದ ಕಾಗದದ ಚೂರು ಹಾರುತ್ತದೆ. ಕೊರಳ ತಂಟೆಯೇ ಇಲ್ಲ. ಎಷ್ಟೋ ದಿನಗಳಿಂದ ಇಬ್ಬರೂ ಕಾಗದ ಹಾರಿಸುತ್ತಾ ಕೂತಿದ್ದೆವು. ತುಟಿ ಸೇರುತ್ತಿತ್ತು, ಉಸಿರು ಮಾತ್ರ ಮೂಗಿನಿಂದ ಹೋಗಿಬಿಡುತ್ತಿತ್ತು. ಇವತ್ತಲ್ಲ ನಾಳೆ ಬರುತ್ತದೆ ಎಂಬ ಹಂತಕ್ಕೆ ಬಂದಿದ್ದೆವು.

ಮೊನ್ನೆ ಬೆಳಿಗ್ಗೆ ಪರೀಕ್ಷಕರು ವೆಂಕಟರಮಣಪ್ಪನವರು ನಮ್ಮ ಟ್ರೇನಿಂಗ್ ಶಾಲೆಗೆ ಬಂದು ಕುರ್ಚಿಯಲ್ಲಿ ಕೂತರು. ಬಿಳಿ ಪಂಚೆ, ಕೋಟು, ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದಂಥ ಮುಖ. ಅಷ್ಟರಲ್ಲಿ ಪಿಳ್ಳಮ್ಮ ಮಗಳನ್ನು ಎಳೆದುಕೊಂಡು ಬಂದಳು. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿದೆ, ಕಣ್ಣು ಕೆಂಪಾಗಿದೆ, ನಾಲಿಗೆ ಹೊರಗೇ ಇದೆ. ಏನಾಯಿತು ಎಂದು ಕೇಳಿದರೆ ಪಿಳ್ಳಮ್ಮನ ಮುಖದಲ್ಲಿ ಹೆಮ್ಮೆ! "ಏನೂ ಇಲ್ಲ ಕಣ್ ಟೀಚರಮ್ಮ, ಒಸಿ ಬಜೆ ತೇದು ನಾಲ್ಗೆಗೆ ಉಜ್ಜಿವ್ನಿ, ಮೆಣಸೂ ಸೇರ್ಸಿ. ದೊಡ್ಡೋರು ಬತ್ತಾರಲ್ಲ, ಇವತ್ತೊಂದಿನನಾರ ನಾಲ್ಗೆ ತಿರುಗ್ಲಿ ಅಂತ" ಅಂದಳು.

ಅವಳನ್ನು ಬೈದು ಏನು ಪ್ರಯೋಜನ? ನೀನು ನನಗೆ ಬಜೆ ನೆಕ್ಕಿಸಿದವಳೇ ಅಲ್ಲವೇ? ಮಗುವಿಗೆ ಮಾತು ಚೆನ್ನಾಗಿ ಬರಲಿ ಎಂದು ತಾಯಂದಿರೆಲ್ಲ ಮಾಡುವುದನ್ನು ಅವಳೂ ಮಾಡಿದ್ದಳು, ನನ್ನ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಒಂದು ಹಿಡಿ ಹೆಚ್ಚಾಗಿಯೇ ಮಾಡಿದ್ದಳು.

ನೀರು ಕುಡಿಸಿದೆ, ಬೆಲ್ಲ ತಿನ್ನಿಸಿದೆ. ಏನೂ ಉಪಯೋಗವಾಗಲಿಲ್ಲ. ಉರಿಯುವ ಬಾಯಿಯನ್ನು ಮುಚ್ಚುವುದಾದರೂ ಹೇಗೆ? ಕಾಗದದ ಚೂರು ಹಿಡಿದರೆ ಅದನ್ನು ಕಿತ್ತೆಸೆದು ಹೋ ಎಂದು ಅಳತೊಡಗಿದಳು. ವೆಂಕಟರಮಣಪ್ಪನವರು ಗಡಿಯಾರ ನೋಡಿಕೊಂಡರು. ಆಗ ನನಗೆ ಹೊಳೆದದ್ದು ಪಾಠವೂ ಅಲ್ಲ, ಪುಸ್ತಕದ್ದೂ ಅಲ್ಲ. ಅವಳ ಪುಟ್ಟ ಕೈಯನ್ನು ಹಿಡಿದೆ, ನನ್ನ ಕೈ ಕಂಡರೆ ತಾನೇ ಅವಳಿಗೆ ಭಯ ಅಂದುಕೊಂಡೆ, ಅವಳ ಅಂಗೈಯನ್ನೇ ಅವಳ ಕೊರಳಿಗೆ ಒತ್ತಿದೆ.

ಅಳು ಥಟ್ಟನೆ ನಿಂತಿತು.

ಕಣ್ಣರಳಿಸಿ ನನ್ನನ್ನು ನೋಡಿದಳು. ಕೈ ಕೊರಳ ಮೇಲೇ ಇತ್ತು. ಮೆಲ್ಲಗೆ 'ಆ' ಎಂದಳು. ಅಳು ಬಂದು ಅಲ್ಲ ಅಮ್ಮ, ಬೇಕೆಂದೇ! ನಿಲ್ಲಿಸಿದಳು. ಮತ್ತೆ 'ಆ' ಎಂದಳು. ಕೈ ತೆಗೆದು ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಅದರಲ್ಲಿ ಏನಾದರೂ ಅಂಟಿದೆಯೋ ಎನ್ನುವ ಹಾಗೆ. ಹುಟ್ಟಿದಾಗಿನಿಂದ ಅತ್ತಿದ್ದಾಳೆ, ಕಿರುಚಿದ್ದಾಳೆ, ತನ್ನ ಒಳಗಿನಿಂದ ಏನೋ ಒಂದು ಹೊರಗೆ ಹೋಗುತ್ತದೆ ಎಂದು ಆ ಮಗುವಿಗೆ ಗೊತ್ತೇ ಇರಲಿಲ್ಲ. ನನಗೆ ಮೈ ಜುಮ್ಮೆಂದಿತು. ದೇವಸ್ಥಾನದಲ್ಲಿ ನಿಂತಾಗಲೂ ನನಗೆ ಹಾಗೆ ಆದದ್ದಿಲ್ಲ, ನೀನು ಬೈದರೂ ಸರಿ, ನಿಜ ಹೇಳುತ್ತಿದ್ದೇನೆ.

ಆಮೇಲೆ ಅವಳನ್ನು ಹಿಡಿಯುವವರು ಯಾರು? ಓಡಿ ಹೋಗಿ ಪಿಳ್ಳಮ್ಮನ ಕೊರಳು ಹಿಡಿದಳು. ಪಿಳ್ಳಮ್ಮ ಗಾಬರಿಯಲ್ಲಿ "ಅಯ್ಯೋ, ಏನೇ ಮುನೀ" ಅಂದಳು. ಅದುರು ಸಿಕ್ಕಿತು! ಕಣ್ಣು ಮಿಂಚಿತು. ನನ್ನ ಕೊರಳು ಮುಟ್ಟಿದಳು, ನಾನು ಅವಳ ಹೆಸರು ಹೇಳಿದೆ. ಮೇಜು ಮುಟ್ಟಿದಳು, ಇಲ್ಲ. ನೀರಿನ ಹೂಜಿ, ಇಲ್ಲ. ಕಿಟಕಿಯ ಪಕ್ಕದ ಗೋಡೆಗೆ ಕೈಯಿಟ್ಟು ನಿಂತುಬಿಟ್ಟಳು. ಆಚೆ ಕಡೆ ಫ್ಯಾಕ್ಟರಿಯ ತಗಡು ಒತ್ತುವ ಪ್ರೆಸ್ಸು ಬಡಿಯುತ್ತಿತ್ತು, ನಾವು ದಿನವೂ ಬೈದುಕೊಳ್ಳುವ ಆ ದಡಬಡ. ಅವಳು ಗೋಡೆಗೆ ಕೆನ್ನೆ ಒತ್ತಿ ನಕ್ಕಳು. ಕೊನೆಗೆ ಯಾರೂ ತಡೆಯುವ ಮುನ್ನ ವೆಂಕಟರಮಣಪ್ಪನವರ ತೊಡೆ ಹತ್ತಿ ಅವರ ಕೊರಳಿಗೂ ಕೈ ಹಾಕಿದಳು. ಅವರು "ಸಾಕು, ಸಾಕಮ್ಮ, ಇಳಿ" ಎಂದಷ್ಟೂ ಅವಳಿಗೆ ಖುಷಿ. ಅವರ ಕೋಟಿನ ಮೇಲೆಲ್ಲ ಜೊಲ್ಲು.

ಪಿಳ್ಳಮ್ಮ ಮೂಲೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ನಾನು ಗಟ್ಟಿಗಿತ್ತಿಯ ಹಾಗೆ ನಿಂತಿದ್ದೆ, ಆಮೇಲೆ ಬಚ್ಚಲಿಗೆ ಹೋಗಿ ಚೆನ್ನಾಗಿ ಅತ್ತೆ.

ಈಗ ಹೇಳುತ್ತೇನೆ. ಫೇಲಾದೆ ಅಮ್ಮ.

ಬರೆದುಕೊಟ್ಟ ಪಾಠ 'ಪ'. ಮಗು ಪ ಅನ್ನಲಿಲ್ಲ. ನಡೆಯದ ಪಾಠಕ್ಕೆ ಅಂಕವಿಲ್ಲ, ರೂಲ್ ಅಂದರೆ ರೂಲೇ ಅಲ್ಲವೇ? ಮತ್ತೆ ಪರೀಕ್ಷೆ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಸಂಬಳವಿಲ್ಲ. ನಮ್ಮ ಹೆಡ್ ಮಿಸ್ಸು ವಾಸಂತಿ ಮೇಡಂ, ಮನಸ್ಸಿದ್ದರೆ ದಿನಾ ಬಂದು ಮಗುವಿಗೆ ಹೇಳಿಕೊಡು, ಬಾಗಿಲು ತೆಗೆದಿರುತ್ತದೆ ಅಂದಿದ್ದಾರೆ.

ಮಾತಿನ ಪ್ರಕಾರ ನಾನು ಸೋಮವಾರ ಫ್ಯಾಕ್ಟರಿ ಬಸ್ಸು ಹತ್ತಬೇಕು. ನೀನು ಹತ್ತು ಎಂದರೆ ಹತ್ತುತ್ತೇನೆ, ಮುಖ ಊದಿಸಿಕೊಳ್ಳುವುದೂ ಇಲ್ಲ. ಆದರೆ ಕೇಳದೆ ಇರಲಾರೆ. ಆ ಮಾತಿನಿಂದ ನನ್ನನ್ನು ಬಿಡಿಸುತ್ತೀಯಾ? ದಾಸರಹಳ್ಳಿಯಲ್ಲಿ ಚಿಕ್ಕಮುನಿಯಪ್ಪನವರ ವಠಾರದಲ್ಲಿ ಒಂದು ಮನೆ ಖಾಲಿ ಇದೆ. ಕೋಣೆ ಒಂದೇ, ಬಚ್ಚಲು ಹೊರಗೆ, ನಲ್ಲಿ ಎಲ್ಲರಿಗೂ ಸೇರಿ. ಅಪ್ಪ ಬಣ್ಣ ಹೊಡೆದ ಈ ಗೋಡೆಗಳನ್ನು ಬಿಟ್ಟು ಅಲ್ಲಿಗೆ ಬಾ ಎಂದು ನಿನ್ನನ್ನು ಕರೆಯುವುದು ಎಷ್ಟು ದೊಡ್ಡ ಸ್ವಾರ್ಥ ಎಂದು ನನಗೆ ಗೊತ್ತು. ಸಂಜೆ ಮನೆಪಾಠ ಹೇಳುತ್ತೇನೆ. ಅಕ್ಟೋಬರ್ ತನಕ ಹೇಗೋ ಆಗುತ್ತದೆ. ಭಾನುವಾರ ಬಸ್ಸು ಹತ್ತಿ ಬಂದುಬಿಡು. ಎದುರಿಗೆ ಬೈದರೂ ಸರಿ.

ನಿನ್ನ ದಾರಿ ಕಾಯುತ್ತಿರುವ,
ವತ್ಸಲಾ

ಮರೆತಿದ್ದಲ್ಲ, ಮುಚ್ಚಿಟ್ಟದ್ದು: ಕಾಗದ ಮಡಿಸಿದೆ, ಅಂಟಿಸಲು ಮನಸ್ಸಾಗಲಿಲ್ಲ. ಮೇಲೆ ವೆಂಕಟರಮಣಪ್ಪನವರನ್ನು ಕಲ್ಲೆದೆಯವರ ಹಾಗೆ ಮಾಡಿಬಿಟ್ಟಿದ್ದೇನೆ, ಪಾಪ. ಅವರು ನನ್ನನ್ನು ಫೇಲ್ ಮಾಡಲಿಲ್ಲ ಅಮ್ಮ. ಕನ್ನಡಕ ಒರೆಸಿಕೊಂಡು, "ಬಾಯಿ ಬಿಟ್ಲು, ಶಬ್ದ ಬಂತು. ಪ ಕಲಿತಳು ಅಂತ್ಲೇ ಬರ್ಕೋತೀನಿ ಬಿಡಮ್ಮ, ನೀನು ಪಾಸು" ಅಂದರು. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು. ನಾನೇ, "ಅವಳಿಗೆ ಪ ಬಂದಿಲ್ಲ ಸಾರ್" ಅಂದೆ. ಬಂದಿದೆ ಎಂದು ಬರೆದರೆ ಮುಂದಿನ ಟೀಚರ್ ಅಲ್ಲಿಂದ ಮುಂದಕ್ಕೆ ಎಳೆಯುತ್ತಾಳೆ. ಮಗುವಿಗೆ ಬಾರದಿದ್ದಾಗ, ಕಲಿತದ್ದನ್ನೂ ಮರೆಯುವ ದಡ್ಡಿ ಎಂದು ಮೂಲೆಯಲ್ಲಿ ಕೂರಿಸುತ್ತಾಳೆ. ಹಾಗೆ ಮೂಲೆ ಸೇರಿದ ಮಕ್ಕಳನ್ನು ನಾನು ಕಂಡಿದ್ದೇನೆ. ಬೇಡ ಎನ್ನುವಾಗ ನೀನೂ ಕಣ್ಣ ಮುಂದೆ ಇದ್ದೆ, ಈ ಮನೆಯೂ ಇತ್ತು. ಆದರೂ ಬೇಡವೆಂದೆ. ಇದನ್ನು ತಿಳಿಸದೆ ನಿನ್ನಿಂದ ಹೂಂ ಅನ್ನಿಸಿಕೊಂಡರೆ ಅದು ನನಗೆ ದಕ್ಕುವುದಿಲ್ಲ. ಈಗ ಹೇಳಮ್ಮ, ಸೋಮವಾರ ನಾನು ಎಲ್ಲಿಗೆ ಹೋಗಲಿ?